ದವಡೆ ಹಿಂದೋ, ಅಳತೆಗೋಲು ಮುಂದೋ?

ಮಗಳ ಮುಂದಿನ ಹಲ್ಲುಗಳು ಉಬ್ಬಾಗಿವೆ, ಕ್ಲಿಪ್ ಹಾಕಿಸೋಣ ಎಂದು ದಂತವೈದ್ಯರ ಬಳಿಗೆ ಹೋದ ತಂದೆತಾಯಿಯರು ಮೊದಲು ಬೆರಗಾಗುವುದು ಒಂದು ಸಂಗತಿಗೆ. ವೈದ್ಯರು ಹಲ್ಲಿನ ಚಿತ್ರದಿಂದ ತೃಪ್ತರಾಗುವುದಿಲ್ಲ. ಇಡೀ ತಲೆಯನ್ನು ಪಕ್ಕದಿಂದ ತೆಗೆದ ಎಕ್ಸ್-ರೇ ಬೇಕೆನ್ನುತ್ತಾರೆ. ಚಿತ್ರ ಬಂದ ಮೇಲೆ ಅದರಲ್ಲಿ ಬಿಂದುಗಳನ್ನು ಗುರುತಿಸಿ, ಗೆರೆಗಳನ್ನೆಳೆದು, ಕೋನಗಳನ್ನು ಅಳೆದು ಒಂದು ಪಟ್ಟಿ ಸಿದ್ಧವಾಗುತ್ತದೆ. 82, 76, 6 ಎಂದು ಮೂರು ಅಂಕಿಗಳು. ಪಕ್ಕದಲ್ಲಿ ಇನ್ನೊಂದು ಸಾಲು: 82, 80, 2. ಮೊದಲಿನದು ಮಗುವಿನದು, ಎರಡನೆಯದು 'ಇರಬೇಕಾದದ್ದು'.

ಈ ಎರಡು ಸಾಲುಗಳ ಅಂತರದ ಮೇಲೆ ನಿಲ್ಲುವ ತೀರ್ಮಾನಗಳು ಸಣ್ಣವಲ್ಲ. ಹುಳುಕಿಲ್ಲದ ನಾಲ್ಕು ಹಲ್ಲುಗಳನ್ನು ಕೀಳಬೇಕೆ? ಬೆಳೆಯುವ ವಯಸ್ಸಿನಲ್ಲೇ ಕೆಳದವಡೆಯನ್ನು ಮುಂದಕ್ಕೆ ತರುವ ಸಾಧನ ತೊಡಿಸಬೇಕೆ? ಅಥವಾ ಬೆಳವಣಿಗೆ ಮುಗಿಯುವವರೆಗೆ ಕಾದು ದವಡೆಯ ಮೂಳೆಗೇ ಶಸ್ತ್ರಚಿಕಿತ್ಸೆ ಮಾಡಿಸಬೇಕೆ? ಹಾಗಾದರೆ 'ಇರಬೇಕಾದದ್ದು' ಎಂಬ ಆ ಸಾಲನ್ನು ಯಾರು ಬರೆದರು, ಯಾವುದನ್ನು ಯಾವುದಕ್ಕೆ ಹೋಲಿಸಿ ಅಳೆದರು ಎಂದು ಕೇಳುವುದು ತಪ್ಪಲ್ಲ. ಆ ಪ್ರಶ್ನೆಯ ಹಿಂದೆ ಎರಡು ಶತಮಾನಗಳಿಗೂ ಮೀರಿದ ಕುತೂಹಲಕರ ಚರಿತ್ರೆಯೊಂದಿದೆ.

ಕಲಾವಿದರಿಗಾಗಿ ಹುಟ್ಟಿದ ಕೋನ

ಮುಖವನ್ನು ಕೋನದಲ್ಲಿ ಅಳೆಯುವ ವಿಚಾರವನ್ನು ಪ್ರಸಿದ್ಧಿಗೆ ತಂದವನು ಹದಿನೆಂಟನೆಯ ಶತಮಾನದ ಡಚ್ ಅಂಗರಚನಾ ತಜ್ಞ ಪೇಟ್ರಸ್ ಕ್ಯಾಂಪರ್. ಅವನು ಶ್ರೋತೃಗಳನ್ನಾಗಿ ಆರಿಸಿಕೊಂಡದ್ದು ವೈದ್ಯರನ್ನಲ್ಲ, ಚಿತ್ರಕಾರರನ್ನು. 1770ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಚಿತ್ರಕಲಾ ಶಾಲೆಯಲ್ಲಿ ಅವನು ಈ ಬಗ್ಗೆ ಉಪನ್ಯಾಸ ನೀಡಿದ. ಕಿವಿಯ ರಂಧ್ರದಿಂದ ಮೂಗಿನ ಅಡಿಗೆ ಒಂದು ಗೆರೆ. ಹಣೆಯಿಂದ ಮುಂದಿನ ಹಲ್ಲುಗಳಿಗೆ ಇನ್ನೊಂದು ಗೆರೆ. ಇವೆರಡೂ ಸೇರುವ ಕೋನವೇ 'ಮುಖಕೋನ'. ಬೇರೆ ಬೇರೆ ನಾಡಿನವರ ಮುಖ ಬರೆಯುವಾಗ ಕಲಾವಿದರು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯದಿರಲಿ ಎಂಬುದು ಅವನ ಆಶಯವಾಗಿತ್ತು. ಮನುಷ್ಯರೆಲ್ಲರ ಮೂಲ ಒಂದೇ ಎಂದು ನಂಬಿದ್ದವನು ಅವನು.

ಆದರೆ ಅವನು ಬರೆದ ಸಾಲುಚಿತ್ರ ಬೇರೆಯೇ ಅರ್ಥ ಪಡೆಯಿತು. ಕೋತಿಯ ಕೋನ 42 ಡಿಗ್ರಿ, ಒರಾಂಗುಟಾನಿನದು 58, ಆಫ್ರಿಕಾದವನದು 70, ಯುರೋಪಿನವನದು 80, ಗ್ರೀಕ್ ಶಿಲ್ಪದ ದೇವತೆಯದು 100 ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದ ಆ ಚಿತ್ರ ಅವನು ತೀರಿಕೊಂಡ ಮೇಲೆ 1791ರಲ್ಲಿ ಅಚ್ಚಾಯಿತು. ಹತ್ತೊಂಬತ್ತನೆಯ ಶತಮಾನದ ಜನಾಂಗವಾದಿಗಳ ಕೈಗೆ ಅದು ಮೇಲು-ಕೀಳಿನ ಏಣಿಯಾಗಿ ಸಿಕ್ಕಿತು. ಸಾಲಿನ ತುದಿಯಲ್ಲಿರುವ 100 ಡಿಗ್ರಿ ಯಾವ ಜೀವಂತ ಮನುಷ್ಯನದೂ ಅಲ್ಲ, ಶಿಲ್ಪಿಯ ಉಳಿ ಕೊಟ್ಟದ್ದು ಎಂಬುದನ್ನು ಅವರು ಮರೆತರು.

ಈ ಅಳತೆಯ ಹುಚ್ಚು ನಮ್ಮಲ್ಲಿಗೂ ಬಂತು. ಬಂಗಾಳದಲ್ಲಿ ಹರ್ಬರ್ಟ್ ರಿಸ್ಲೆ ಜಾತಿಗಳನ್ನು ಮೂಗಿನ ಅಗಲ-ಉದ್ದದಿಂದ ಶ್ರೇಣೀಕರಿಸಲು ಹೊರಟ. ದಕ್ಷಿಣದಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಮಾಪಕಗಳನ್ನು ಹಿಡಿದು ಜನರ ತಲೆ, ಮೂಗುಗಳನ್ನು ಅಳೆದ. ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಮದರಾಸು ಪ್ರಾಂತ್ಯದಲ್ಲೇ ಇದ್ದವು. 1909ರಲ್ಲಿ ಬಂದ ಅವನ ಏಳು ಸಂಪುಟಗಳಲ್ಲಿ ಇಂಥ ಅಂಕಿಗಳನ್ನು ಇಂದಿಗೂ ನೋಡಬಹುದು. ಅಳತೆ ಸರಿಯಾಗಿಯೇ ಇದ್ದಿರಬಹುದು. ಅದರಿಂದ ಮಾಡಿದ ತೀರ್ಮಾನ ಮಾತ್ರ ನಿಲ್ಲಲಿಲ್ಲ.

ಆ ಕಾಲದ ಒಂದು ಒಳ್ಳೆಯ ಕೊಡುಗೆಯನ್ನೂ ಹೇಳಬೇಕು. ಒಬ್ಬೊಬ್ಬ ವಿದ್ವಾಂಸ ತಲೆಬುರುಡೆಯನ್ನು ಒಂದೊಂದು ಓರೆಯಲ್ಲಿಟ್ಟು ಅಳೆದರೆ ಹೋಲಿಕೆಯೇ ಸಾಧ್ಯವಿಲ್ಲ. ಅದಕ್ಕಾಗಿ 1880ರ ದಶಕದಲ್ಲಿ ಜರ್ಮನಿಯ ಮಾನವಶಾಸ್ತ್ರಜ್ಞರು ಫ್ರಾಂಕ್‌ಫರ್ಟಿನಲ್ಲಿ ಒಂದು ಒಪ್ಪಂದಕ್ಕೆ ಬಂದರು. ಕಿವಿರಂಧ್ರದ ಮೇಲಂಚು ಮತ್ತು ಕಣ್ಣಿನ ಗುಳಿಯ ಕೆಳಅಂಚು ಇವೆರಡನ್ನೂ ಸೇರಿಸುವ ಗೆರೆ ನೆಲಕ್ಕೆ ಸಮಾನಾಂತರವಾಗಿರುವಂತೆ ಬುರುಡೆಯನ್ನು ಇಡಬೇಕು. 'ಫ್ರಾಂಕ್‌ಫರ್ಟ್ ಸಮತಲ' ಎಂಬ ಆ ಗೆರೆ ಇಂದಿಗೂ ದಂತವೈದ್ಯರ ಪಟ್ಟಿಗಳಲ್ಲಿ ಉಳಿದುಕೊಂಡಿದೆ.

ಹಲ್ಲಿನಿಂದ ಮೂಳೆಗೆ

ಹಲ್ಲು ಸರಿಪಡಿಸುವ ವಿದ್ಯೆಗೆ ಆಧುನಿಕ ರೂಪ ಕೊಟ್ಟವನು ಅಮೆರಿಕದ ಎಡ್ವರ್ಡ್ ಆಂಗಲ್. 1899ರಲ್ಲಿ ಅವನು ಮಾಡಿದ ವರ್ಗೀಕರಣ ಸರಳವಾದದ್ದು. ಆರನೆಯ ವರ್ಷದ ಸುಮಾರಿಗೆ ಹುಟ್ಟುವ ಮೊದಲ ದೊಡ್ಡ ದವಡೆ ಹಲ್ಲುಗಳು ಮೇಲೆ-ಕೆಳಗೆ ಹೇಗೆ ಕೂಡುತ್ತವೆ ನೋಡಿ. ಕೆಳಗಿನದು ತನ್ನ ಸ್ಥಾನದಲ್ಲಿದ್ದರೆ ಮೊದಲ ವರ್ಗ, ಹಿಂದಿದ್ದರೆ ಎರಡನೆಯದು, ಮುಂದಿದ್ದರೆ ಮೂರನೆಯದು. ನೂರಕ್ಕೂ ಹೆಚ್ಚು ವರ್ಷಗಳ ನಂತರವೂ ವೈದ್ಯರು ಇದನ್ನು ಬಳಸುತ್ತಾರೆ.

ಆಂಗಲ್ ಸಹ ಸುಂದರ ಮುಖದ ಸೂತ್ರವೊಂದನ್ನು ಹುಡುಕುತ್ತಿದ್ದವನೇ. ಮೊದಮೊದಲು ಅವನ ಆದರ್ಶ ರೋಮಿನ ವ್ಯಾಟಿಕನ್ನಿನಲ್ಲಿರುವ ಅಪೊಲೊ ಬೆಲ್ವೆಡೆರ್ ಶಿಲ್ಪ. ಈ ವಿಷಯದಲ್ಲಿ ಅವನು ಸಲಹೆ ಕೇಳಿದ್ದು ಎಡ್ಮಂಡ್ ವರ್ಪಲ್ ಎಂಬ ಚಿತ್ರಕಲಾವಿದನನ್ನು. ಎಲ್ಲ ಮುಖಗಳಿಗೂ ಹೊಂದುವ ಒಂದೇ ಸೂತ್ರ ಇರಲಾರದು ಎಂಬುದು ಆ ಕಲಾವಿದನ ಉತ್ತರವಾಗಿತ್ತು.

ಆಂಗಲ್‌ನ ವರ್ಗೀಕರಣದಲ್ಲಿ ಒಂದು ಕೊರತೆಯಿತ್ತು. ಅದು ಹಲ್ಲುಗಳ ಸಂಬಂಧವನ್ನು ಹೇಳುತ್ತದೆ, ದವಡೆಗಳದ್ದನ್ನಲ್ಲ. ಇಬ್ಬರು ಮಕ್ಕಳಲ್ಲೂ ಮೇಲಿನ ಹಲ್ಲು ಮುಂದಕ್ಕೆ ಚಾಚಿದೆ ಎನ್ನೋಣ. ಒಬ್ಬನಲ್ಲಿ ಮೇಲ್ದವಡೆಯೇ ಮುಂದಿರಬಹುದು. ಇನ್ನೊಬ್ಬನಲ್ಲಿ ಮೇಲ್ದವಡೆ ಸರಿಯಾಗಿದ್ದು ಕೆಳದವಡೆ ಬೆಳೆಯದೆ ಹಿಂದುಳಿದಿರಬಹುದು. ಮೂರನೆಯವನಲ್ಲಿ ದವಡೆಗಳೆರಡೂ ಸರಿಯಾಗಿದ್ದು ಹಲ್ಲುಗಳಷ್ಟೇ ಬಾಗಿರಬಹುದು. ಬಾಯಿ ತೆರೆದು ನೋಡಿದರೆ ಮೂವರೂ ಒಂದೇ. ಚಿಕಿತ್ಸೆ ಮಾತ್ರ ಮೂವರಿಗೂ ಬೇರೆ. ಇದನ್ನು ತಿಳಿಯಲು ಚರ್ಮದ ಒಳಗಿನ ಮೂಳೆಯನ್ನು ನೋಡಬೇಕು.

1895ರಲ್ಲಿ ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಮೇಲೆ ಮೂಳೆ ಕಾಣುವುದೇನೋ ಸಾಧ್ಯವಾಯಿತು. ಆದರೆ ತಲೆ ಸ್ವಲ್ಪ ತಿರುಗಿದರೂ, ಯಂತ್ರ ಸ್ವಲ್ಪ ಸರಿದರೂ ನೆರಳಿನ ಅಳತೆ ಬದಲಾಗುತ್ತದೆ. ಕಳೆದ ವರ್ಷದ ಚಿತ್ರವನ್ನು ಈ ವರ್ಷದ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸುವಂತಿರಲಿಲ್ಲ. ಈ ತೊಡಕನ್ನು ಬಿಡಿಸಿದವರು ಇಬ್ಬರು. ಅಮೆರಿಕದ ಕ್ಲೀವ್‌ಲ್ಯಾಂಡಿನ ಹಾಲಿ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹರ್ಬರ್ಟ್ ಹೋಫ್ರಾಟ್. ಬೇರೆ ಬೇರೆಯಾಗಿ ದುಡಿದ ಇವರಿಬ್ಬರೂ 1931ರಲ್ಲೇ ತಮ್ಮ ವಿಧಾನಗಳನ್ನು ಪ್ರಕಟಿಸಿದರು.

ಬ್ರಾಡ್‌ಬೆಂಟ್‌ನ ಉಪಕರಣ ಮಾನವಶಾಸ್ತ್ರಜ್ಞರು ಒಣ ಬುರುಡೆಯನ್ನು ಹಿಡಿದಿಡಲು ಬಳಸುತ್ತಿದ್ದ ಚೌಕಟ್ಟಿನ ಜೀವಂತ ರೂಪ. ಎರಡು ಕಡ್ಡಿಗಳು ಎರಡೂ ಕಿವಿಗಳ ರಂಧ್ರದಲ್ಲಿ ಮೆಲ್ಲಗೆ ಕೂತು ತಲೆಯನ್ನು ಅಲುಗದಂತೆ ಹಿಡಿಯುತ್ತವೆ. ಕಿರಣದ ಮೂಲ ತಲೆಯ ನಡುಭಾಗದಿಂದ ಸದಾ ಐದು ಅಡಿ ದೂರದಲ್ಲಿರುತ್ತದೆ. ಬೋಲ್ಟನ್ ಕುಟುಂಬದ ಧನಸಹಾಯದಿಂದ ಕ್ಲೀವ್‌ಲ್ಯಾಂಡಿನ ಮಕ್ಕಳ ತಲೆಯ ಚಿತ್ರಗಳನ್ನು ವರ್ಷ ವರ್ಷವೂ ತೆಗೆದು, ಮುಖ ಬೆಳೆಯುವ ಬಗೆಯನ್ನು ಮೊದಲ ಬಾರಿಗೆ ಹಂತ ಹಂತವಾಗಿ ಕಾಣಲಾಯಿತು. ಅಧ್ಯಯನಕ್ಕಾಗಿಯೇ ಆರೋಗ್ಯವಂತ ಮಕ್ಕಳಿಗೆ ಪದೇ ಪದೇ ಎಕ್ಸ್-ರೇ ತೆಗೆಯುವುದನ್ನು ಇಂದಿನ ವೈದ್ಯಕೀಯ ನೀತಿ ಒಪ್ಪುವುದಿಲ್ಲ. ಹಾಗಾಗಿ ಆ ಹಳೆಯ ಚಿತ್ರಸಂಗ್ರಹಗಳು ಮತ್ತೆ ಸಿಗಲಾರದ ದಾಖಲೆಗಳು.

ನಾಲ್ಕು ಬಿಂದುಗಳ ಲೆಕ್ಕ

ಈಗ ಆ 82, 80, 2 ಎಂಬ ಅಂಕಿಗಳಿಗೆ ಬರೋಣ. ಇದಕ್ಕೆ ಬೇಕಾದುದು ನಾಲ್ಕೇ ಬಿಂದುಗಳು. ಮೊದಲನೆಯದು ಮೆದುಳಿನ ಅಡಿಯಲ್ಲಿ ಪಿಟ್ಯುಟರಿ ಗ್ರಂಥಿ ಕುಳಿತಿರುವ ಮೂಳೆಯ ಪುಟ್ಟ ಗುಳಿ. ಕುದುರೆಯ ಜೀನಿನ ಆಕಾರದಲ್ಲಿರುವುದರಿಂದ ಅದಕ್ಕೆ 'ಸೆಲ್ಲಾ' ಎಂದು ಹೆಸರು. ಎರಡನೆಯದು ಹಣೆಯ ಮೂಳೆಯೂ ಮೂಗಿನ ಮೂಳೆಯೂ ಕೂಡುವ ಜಾಗ, ಇದು 'ನೇಸಿಯನ್'. ಮೂರನೆಯದು ಮೇಲ್ದವಡೆಯ ಮುಂಭಾಗದಲ್ಲಿ ಮೂಳೆ ಅತ್ಯಂತ ಒಳಕ್ಕೆ ಬಾಗಿದ ಸ್ಥಳ, 'ಎ' ಬಿಂದು. ನಾಲ್ಕನೆಯದು ಕೆಳದವಡೆಯಲ್ಲಿ ಅಂಥದೇ ಸ್ಥಳ, 'ಬಿ' ಬಿಂದು.

ಸೆಲ್ಲಾದಿಂದ ನೇಸಿಯನ್ನಿಗೆ ಎಳೆದ ಗೆರೆ ಬುರುಡೆಯ ಬುಡವನ್ನು ಸೂಚಿಸುತ್ತದೆ. ನೇಸಿಯನ್ನಿನಿಂದ ಎ ಬಿಂದುವಿಗೆ ಗೆರೆ ಇಳಿಸಿದರೆ ಮೇಲ್ದವಡೆಯ ಕೋನ ಸಿಗುತ್ತದೆ. ಅದರ ಸರಾಸರಿ 82 ಡಿಗ್ರಿ. ಬಿ ಬಿಂದುವಿಗೆ ಇಳಿಸಿದರೆ ಕೆಳದವಡೆಯದು, ಸರಾಸರಿ 80. ಎರಡರ ವ್ಯತ್ಯಾಸ 2. ವೈದ್ಯರು 'ಎ.ಎನ್.ಬಿ.' ಎಂದು ಕರೆಯುವುದು ಇದನ್ನೇ. 1952ರಲ್ಲಿ ಅಮೆರಿಕದ ರಿಚರ್ಡ್ ರೀಡೆಲ್ ಇದನ್ನು ಮುಂದಿಟ್ಟ. ಮರುವರ್ಷ ಸೆಸಿಲ್ ಸ್ಟೈನರ್ ತನ್ನ ಪದ್ಧತಿಯಲ್ಲಿ ಸೇರಿಸಿಕೊಂಡು ಮನೆಮಾತು ಮಾಡಿದ. ವ್ಯತ್ಯಾಸ ನಾಲ್ಕು ಡಿಗ್ರಿ ದಾಟಿದರೆ ಕೆಳದವಡೆ ಹಿಂದಿದೆ ಅಥವಾ ಮೇಲ್ದವಡೆ ಮುಂದಿದೆ ಎಂದೂ, ಸೊನ್ನೆಗಿಂತ ಕೆಳಗಿಳಿದರೆ ಅದಕ್ಕೆ ತದ್ವಿರುದ್ಧವೆಂದೂ ಸಾಮಾನ್ಯವಾಗಿ ಓದುತ್ತಾರೆ. ನಮ್ಮ ಉದಾಹರಣೆಯ ಹುಡುಗಿಯ ಮೇಲ್ದವಡೆ 82, ಕೆಳದವಡೆ 76. ಅಂದರೆ ದೋಷ ಕೆಳದವಡೆಯದು ಎಂದು ಪಟ್ಟಿ ಹೇಳುತ್ತದೆ.

ಪಟ್ಟಿ ಹೇಳಿದ್ದು ನಿಜವೇ? ಗೋಡೆ ವಾಲಿದೆಯೇ ಎಂದು ನೋಡಲು ಗಾರೆಯವನು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾನೆ. ದಾರವನ್ನು ಕಟ್ಟಿದ ಮೊಳೆಯೇ ಮುಂದಕ್ಕಿದ್ದರೆ? ಇಲ್ಲಿ ಆ ಮೊಳೆ ನೇಸಿಯನ್. ಅದೂ ಮೂಳೆಯೇ, ಅದೂ ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಇರುತ್ತದೆ, ವಯಸ್ಸಿನೊಂದಿಗೆ ಮುಂದಕ್ಕೆ ಬೆಳೆಯುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ನೇಸಿಯನ್ನಿನ ನೇರ ಕೆಳಗೆ 57 ಮಿಲಿಮೀಟರ್ ದೂರದಲ್ಲಿ ಎ ಬಿಂದು, 97 ಮಿಲಿಮೀಟರ್ ಕೆಳಗೆ ಹಾಗೂ 4 ಮಿಲಿಮೀಟರ್ ಹಿಂದೆ ಬಿ ಬಿಂದು ಇದೆಯೆನ್ನಿ. ವ್ಯತ್ಯಾಸದ ಕೋನ ಸುಮಾರು ಎರಡೂಕಾಲು ಡಿಗ್ರಿ ಬರುತ್ತದೆ. ಈಗ ದವಡೆಗಳನ್ನು ಮುಟ್ಟದೆ ನೇಸಿಯನ್ನನ್ನು ಮಾತ್ರ 5 ಮಿಲಿಮೀಟರ್ ಮುಂದಕ್ಕೆ ಸರಿಸಿ. ಕೋನ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ದವಡೆಗಳ ಪರಸ್ಪರ ಸ್ಥಾನ ಕೂದಲೆಳೆಯಷ್ಟೂ ಬದಲಾಗಿಲ್ಲ, ವರದಿ ಬದಲಾಯಿತು.

ದವಡೆಗಳೆರಡೂ ಸೇರಿ ಮೇಲಕ್ಕೋ ಕೆಳಕ್ಕೋ ತಿರುಗಿದ್ದರೂ ಇಂಥದೇ ಮೋಸವಾಗುತ್ತದೆ. ಡೆನ್ಮಾರ್ಕಿನ ಆರ್ನೆ ಬ್ಯೋರ್ಕ್ 1950ರ ದಶಕದಲ್ಲಿ ಮಕ್ಕಳ ದವಡೆಯ ಮೂಳೆಯಲ್ಲಿ ಪುಟ್ಟ ಲೋಹದ ಗುರುತುಗಳನ್ನು ಕೂರಿಸಿ, ವರ್ಷಗಟ್ಟಲೆ ಅವುಗಳ ಚಲನೆಯನ್ನು ಎಕ್ಸ್-ರೇಯಲ್ಲಿ ಹಿಂಬಾಲಿಸಿದ. ದವಡೆಗಳು ಬೆಳೆಯುವಾಗ ತಿರುಗುತ್ತವೆ, ಹೊರಮೈಯ ಮೂಳೆ ಅಲ್ಲಲ್ಲಿ ಕರಗಿ ಅಲ್ಲಲ್ಲಿ ಬೆಳೆದು ಆ ತಿರುಗುವಿಕೆಯನ್ನು ಬಹುಮಟ್ಟಿಗೆ ಮರೆಮಾಡುತ್ತದೆ ಎಂದು ಅವನು ತೋರಿಸಿದ.

ಇನ್ನೊಂದು ಅಳತೆಗೋಲು

ಇದಕ್ಕೆ ದಕ್ಷಿಣ ಆಫ್ರಿಕಾದಿಂದ ಒಂದು ಪರಿಹಾರ ಬಂತು. ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾನಿಲಯದ ಹೆಸರನ್ನು ಮೊಟಕುಗೊಳಿಸಿ 'ವಿಟ್ಸ್' ಎಂದು ಕರೆದ ಈ ವಿಧಾನವನ್ನು 1975ರಲ್ಲಿ ಅಲೆಕ್ಸ್ ಜೇಕಬ್‌ಸನ್ ಪ್ರಕಟಿಸಿದ. ಅವನ ವಾದ ನೇರವಾದದ್ದು. ಎರಡು ದವಡೆಗಳ ಸಂಬಂಧ ತಿಳಿಯಬೇಕಾದರೆ ಮೂರನೆಯವನಾದ ನೇಸಿಯನ್ನನ್ನು ಸಾಕ್ಷಿಗೆ ಕರೆಯುವುದೇಕೆ? ಮೇಲಿನ-ಕೆಳಗಿನ ಹಲ್ಲುಗಳು ಕಚ್ಚುವ ಗೆರೆಯನ್ನೇ ಎಳೆದು, ಅದರ ಮೇಲೆ ಎ ಮತ್ತು ಬಿ ಬಿಂದುಗಳಿಂದ ಲಂಬಗಳನ್ನು ಹಾಕಿ, ಆ ಲಂಬಗಳ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದರಾಯಿತು. ಅವನು ನೋಡಿದ ಉತ್ತಮ ಕಚ್ಚಿನ 25 ಹೆಂಗಸರಲ್ಲಿ ಇದು ಸರಾಸರಿ ಸೊನ್ನೆ. 21 ಗಂಡಸರಲ್ಲಿ ಬಿ ಬಿಂದುವಿನ ಲಂಬ ಒಂದು ಮಿಲಿಮೀಟರ್ ಮುಂದೆ.

ಇಲ್ಲೂ ತೊಡಕು ತಪ್ಪಲಿಲ್ಲ. ಹಲ್ಲು ಕಚ್ಚುವ ಗೆರೆಯೂ ಸ್ಥಿರವಲ್ಲ. ವಕ್ರದಂತದ ಬಾಯಿಯಲ್ಲಿ ಅದನ್ನು ಎಳೆಯುವುದೇ ಕಷ್ಟ. ತಂತಿ ಹಾಕಿದರೆ ಅದೇ ಓರೆಯಾಗುತ್ತದೆ. ಫ್ರಾಂಕ್‌ಫರ್ಟ್ ಸಮತಲವನ್ನು ನಂಬೋಣವೆಂದರೆ, ಸಹಜವಾಗಿ ನಿಂತ ಮನುಷ್ಯರಲ್ಲಿ ಅದು ಕೆಲವರಿಗೆ ಮೇಲ್ಮುಖ, ಕೆಲವರಿಗೆ ಕೆಳಮುಖ. ಅದಕ್ಕಾಗಿ ರೋಗಿಯನ್ನು ಸಹಜವಾಗಿ ನಿಲ್ಲಿಸಿ, ದೂರಕ್ಕೆ ಅಥವಾ ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೋಡುವಂತೆ ಹೇಳಿ, ಬುರುಡೆಯೊಳಗಿನ ಗೆರೆಯ ಬದಲು ನೇರ ಇಳಿಬಿಟ್ಟ ದಾರವನ್ನೇ ಆಧಾರವಾಗಿ ಹಿಡಿಯಬೇಕೆಂದು ಕೊಯನ್‌ರಾಡ್ ಮೂರೀಸ್ ಮತ್ತು ಜೊತೆಗಾರರು 1958ರಲ್ಲಿ ವಾದಿಸಿದರು. ಆದರೆ ಸಹಜ ನಿಲುವೂ ಪ್ರತಿ ಸಲ ಅಷ್ಟಿಷ್ಟು ಬದಲಾಗುವಂಥದೇ. ದೋಷವೇ ಇಲ್ಲದ ಅಳತೆಗೋಲು ಇದುವರೆಗೂ ಸಿಕ್ಕಿಲ್ಲ.

ಇದಕ್ಕೆ ಕೈಯ ತಪ್ಪನ್ನೂ ಸೇರಿಸಿಕೊಳ್ಳಬೇಕು. ಒಂದೇ ಚಿತ್ರವನ್ನು ಹಲವರಿಗೆ ಕೊಟ್ಟರೆ ಬಿಂದುಗಳು ಒಂದೇ ಕಡೆ ಬೀಳುವುದಿಲ್ಲ. ಯಾವ ಬಿಂದು ಯಾವ ದಿಕ್ಕಿಗೆ ಹೆಚ್ಚು ತಪ್ಪುತ್ತದೆ ಎಂಬುದನ್ನು ಶೆಲ್ಡನ್ ಬಾಮ್‌ರಿಂಡ್ ಮತ್ತು ರಾಬರ್ಟ್ ಫ್ರಾಂಟ್ಸ್ 1971ರಲ್ಲಿ ಪರಿಶೀಲಿಸಿದರು. ಪ್ರತಿಯೊಂದು ಬಿಂದುವಿಗೂ ಅದರದೇ ಆದ ತಪ್ಪಿನ ಗುಣವಿದೆ ಎಂದು ಕಂಡಿತು. ಈಗ ಕಂಪ್ಯೂಟರು ಕ್ಷಣದಲ್ಲಿ ಬಿಂದುಗಳನ್ನು ಗುರುತಿಸಿ ದಶಾಂಶದವರೆಗೆ ಅಂಕಿ ಮುದ್ರಿಸುತ್ತದೆ. ಅಂಕಿ ಅಚ್ಚುಕಟ್ಟಾಗಿ ಬಂದ ಮಾತ್ರಕ್ಕೆ ಅದರ ಆಧಾರ ಗಟ್ಟಿಯಾಗುವುದಿಲ್ಲ.

'ಇರಬೇಕಾದದ್ದು' ಯಾರದು?

ಉಳಿದಿರುವುದು ಎರಡನೆಯ ಸಾಲಿನ ಪ್ರಶ್ನೆ. 1948ರಲ್ಲಿ ವಿಲಿಯಂ ಡೌನ್ಸ್ ಪ್ರಕಟಿಸಿದ, ಇಂದಿಗೂ ಪಠ್ಯಪುಸ್ತಕಗಳಲ್ಲಿರುವ ಮಾನದಂಡಗಳು ಎಷ್ಟು ಜನರಿಂದ ಬಂದವು ಗೊತ್ತೆ? ಇಪ್ಪತ್ತು. 12ರಿಂದ 17 ವರ್ಷದೊಳಗಿನ, ಅತ್ಯುತ್ತಮ ದಂತಪಂಕ್ತಿಯ ಬಿಳಿಯ ಹುಡುಗ ಹುಡುಗಿಯರು. ಡೌನ್ಸ್ ಸರಾಸರಿಯ ಜೊತೆಗೇ ಕನಿಷ್ಠ-ಗರಿಷ್ಠ ಮಿತಿಗಳನ್ನೂ ಕೊಟ್ಟಿದ್ದ. ಆ ಇಪ್ಪತ್ತು ಸುಂದರ ದಂತಪಂಕ್ತಿಗಳವರಲ್ಲೇ ಎಷ್ಟೊಂದು ವೈವಿಧ್ಯವಿದೆ ಎಂಬುದು ಅದರಿಂದ ಸ್ಪಷ್ಟವಿತ್ತು. ಬಳಕೆಯಲ್ಲಿ ಮಿತಿಗಳು ಹಿಂದೆ ಸರಿದವು, ಸರಾಸರಿ ಮುಂದೆ ಬಂತು. ಸರಾಸರಿ ಮಾನದಂಡವಾಯಿತು, ಮಾನದಂಡ ಆದರ್ಶವಾಯಿತು. ಕ್ಯಾಂಪರನ ಗ್ರೀಕ್ ಶಿಲ್ಪದ 100 ಡಿಗ್ರಿಗೆ ಆದದ್ದೇ ಇಲ್ಲೂ ಸದ್ದಿಲ್ಲದೆ ಆಯಿತು.

ಈ ಅಪಾಯ ವೈದ್ಯರಿಗೇ ಬೇಗ ಹೊಳೆಯಿತು. 1951ರಲ್ಲಿ ಕಾಟನ್, ಟಕಾನೊ, ವಾಂಗ್ ಎಂಬ ಮೂವರು ಡೌನ್ಸ್ ಪದ್ಧತಿಯನ್ನು ಕ್ರಮವಾಗಿ ಅಮೆರಿಕದ ಕಪ್ಪು, ಜಪಾನಿ ಮತ್ತು ಚೀನಿ ಮೂಲದವರಿಗೆ ಅನ್ವಯಿಸಿ ನೋಡಿದರು. ಹಲ್ಲುಗಳು ಚೆನ್ನಾಗಿಯೇ ಕೂಡುತ್ತಿದ್ದವರಲ್ಲೂ ಅಂಕಿಗಳು ಹೊಂದಲಿಲ್ಲ. ಭಾರತೀಯರ ಮೇಲೂ ಅಧ್ಯಯನಗಳು ನಡೆದವು. ನಂದಾದ್ವಯರು 1969ರಲ್ಲಿ ಉತ್ತರ ಭಾರತೀಯರ ಅಳತೆಗಳನ್ನು ಪ್ರಕಟಿಸಿದರು. ಮುಂದೆ ಮಣಿಪಾಲದಲ್ಲಿ ಈ ವಿಭಾಗವನ್ನು ಬಹುಕಾಲ ನಡೆಸಿದ ಡಾ. ಆಶಿಮಾ ವಲಿಯತ್ತಾನ್ 1974ರಲ್ಲಿ ಭಾರತೀಯ ವಯಸ್ಕರನ್ನು ಡೌನ್ಸ್ ಪದ್ಧತಿಯಲ್ಲಿ ಪರಿಶೀಲಿಸಿದರು. ನಮ್ಮ ಜನರಲ್ಲಿ ಮುಂದಿನ ಹಲ್ಲುಗಳು ಬಿಳಿಯರ ಮಾನದಂಡಕ್ಕಿಂತ ಸ್ವಲ್ಪ ಹೆಚ್ಚು ಮುಂದಕ್ಕೆ ಬಾಗಿರುವುದು ಸಾಮಾನ್ಯ ಎಂಬುದು ಇಂಥ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ನಮ್ಮಲ್ಲಿ ಸಹಜವಾದದ್ದನ್ನು ಪರದೇಶದ ಪಟ್ಟಿಯ ಪ್ರಕಾರ ದೋಷವೆಂದು ಓದಿದರೆ, ಕೀಳಬೇಕಿಲ್ಲದ ಹಲ್ಲು ಕಿತ್ತು ಹೋಗುತ್ತದೆ. ಒಳಕ್ಕೆಳೆಯಬೇಕಿಲ್ಲದ ತುಟಿ ಚಪ್ಪಟೆಯಾಗುತ್ತದೆ.

ಹಾಗೆಂದು ಅಳತೆಯೇ ಬೇಡವೆನ್ನುವುದು ಮೂರ್ಖತನ. ಮೂಳೆಯ ದೋಷವನ್ನು ಹಲ್ಲಿನ ದೋಷವೆಂದು ತಿಳಿದು ಬರೀ ತಂತಿಯಿಂದ ಸರಿಪಡಿಸಹೊರಟರೆ ಆಗುವ ಹಾನಿಯೂ ಕಡಿಮೆಯಲ್ಲ. ಬ್ರಾಡ್‌ಬೆಂಟ್‌ಗಿಂತ ಮೊದಲಿನ ವೈದ್ಯರಿಗೆ ಇವೆರಡನ್ನು ಬೇರ್ಪಡಿಸಿ ನೋಡಲು ದಾರಿಯೇ ಇರಲಿಲ್ಲ. ಆದ್ದರಿಂದ ನುರಿತ ವೈದ್ಯರು ಒಂದೇ ಅಂಕಿಯನ್ನು ನಂಬಿ ಕೂರುವುದಿಲ್ಲ. ಎ.ಎನ್.ಬಿ. ಕೋನ, ವಿಟ್ಸ್ ಅಳತೆ, ದವಡೆಯ ಓರೆ, ಇವು ಒಂದೇ ಮಾತು ಹೇಳಿದರೆ ಧೈರ್ಯವಾಗಿ ಮುಂದುವರಿಯುತ್ತಾರೆ. ಬೇರೆ ಬೇರೆ ಹೇಳಿದರೆ ಯಾವ ಅಳತೆಗೋಲು ಓರೆಯಾಗಿದೆ ಎಂದು ಹುಡುಕುತ್ತಾರೆ. ಎಲ್ಲಕ್ಕೂ ಮೊದಲು ಮುಂದೆ ಕುಳಿತ ಮುಖವನ್ನು ನೋಡುತ್ತಾರೆ.

ವಯಸ್ಸನ್ನೂ ಮರೆಯುವಂತಿಲ್ಲ. ಕೆಳದವಡೆ ಮೇಲ್ದವಡೆಗಿಂತ ತಡವಾಗಿ, ಹೆಚ್ಚು ಕಾಲ ಬೆಳೆಯುತ್ತದೆ. ಎಂಟು ವರ್ಷದ ಮಗುವಿನ ಐದು ಡಿಗ್ರಿ, ಇಪ್ಪತ್ತರ ಯುವಕನ ಐದು ಡಿಗ್ರಿಗೆ ಸಮನಲ್ಲ. ಮಗುವಿನ ವ್ಯತ್ಯಾಸ ಬೆಳವಣಿಗೆಯಿಂದ ಒಂದಿಷ್ಟು ತಾನಾಗಿ ಕಡಿಮೆಯಾಗಬಹುದು. ಉಳಿದದ್ದಕ್ಕೆ ಬೆಳವಣಿಗೆಯ ಕಾಲದಲ್ಲೇ ಸಾಧನ ತೊಡಿಸಿ ನೆರವಾಗಬಹುದು. ಯುವಕನಿಗೆ ಆ ಅವಕಾಶ ಮುಗಿದಿರುತ್ತದೆ. ಹುಡುಗಿಯರಲ್ಲಿ ಈ ಬೆಳವಣಿಗೆಯ ಜಿಗಿತ ಹುಡುಗರಿಗಿಂತ ಮೊದಲೇ ಬರುವುದರಿಂದ, ಅವರ ವಿಷಯದಲ್ಲಿ ಅನವಶ್ಯಕವಾಗಿ ತಡಮಾಡುವಂತೆಯೂ ಇಲ್ಲ.

ಹಾಗಾಗಿ ಪಟ್ಟಿ ಕೈಗೆ ಬಂದಾಗ ತಂದೆತಾಯಿಯರು ವೈದ್ಯರನ್ನು ಸಂಕೋಚವಿಲ್ಲದೆ ಮೂರು ಮಾತು ಕೇಳಬಹುದು. ಈ ಅಂಕಿಯನ್ನು ಯಾವ ಗೆರೆಯಿಂದ ಅಳೆದಿರಿ? ಬೇರೆ ಅಳತೆಯೂ ಇದನ್ನೇ ಹೇಳುತ್ತದೆಯೇ? ಹೋಲಿಸಿದ ಸರಾಸರಿ ಯಾರದು, ಯಾವ ವಯಸ್ಸಿನದು? ಬಲ್ಲ ವೈದ್ಯರಿಗೆ ಇದರಿಂದ ಬೇಸರವಾಗದು. ಬಿಂದು ಗುರುತಿಸಿ ಗೆರೆ ಎಳೆಯುವ ಮೊದಲು ಅವರು ತಮ್ಮನ್ನು ತಾವೇ ಕೇಳಿಕೊಳ್ಳುವ ಪ್ರಶ್ನೆಗಳೂ ಇವೇ.